ಇಪ್ಪತ್ತಾರನೇ ಖಾನೆಯ ಮನೆ

ಹೊಸ ಊರಿಗೆ ಬಂದವನು ದಾರಿ ಕೇಳಬೇಕು. ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನಮ್ಮ ಸಾರ್ಟರ್ ಸಾಹೇಬರ ಅಭಿಪ್ರಾಯ ಬೇರೆ. ಇನ್ನೊಬ್ಬನನ್ನು ದಾರಿ ಕೇಳುವುದೂ ಒಂದೇ, ನಡುಬೀದಿಯಲ್ಲಿ ಅಂಗಿ ಬಿಚ್ಚಿ ನಿಲ್ಲುವುದೂ ಒಂದೇ ಎಂದು ಅವರು ನಂಬಿದ್ದರು. ಈ ನಂಬಿಕೆಯ ದೆಸೆಯಿಂದ ತಮ್ಮ ನಲವತ್ತು ವರ್ಷಗಳ ಬಾಳಿನಲ್ಲಿ ಒಂದು ಇಲಾಖಾ ಪರೀಕ್ಷೆಯನ್ನೂ ಎರಡು ಮದುವೆಗಳನ್ನೂ ತಪ್ಪಿಸಿಕೊಂಡಿದ್ದರು. ಎರಡು ಮದುವೆಗಳಲ್ಲಿ ಒಂದು ಸ್ವಂತ ತಮ್ಮನದು.

ಸಾಹೇಬರು ಎಂದು ಅವರನ್ನು ಆಫೀಸಿನಲ್ಲಿ ಯಾರೂ ಕರೆಯುತ್ತಿರಲಿಲ್ಲ, ನಾವಾದರೂ ಕರೆಯೋಣ. ಊರಿನ ದೊಡ್ಡ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುವುದು ಅವರ ಕೆಲಸ. ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಆಫೀಸಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಓಣಿಯ ತುದಿಯಲ್ಲಿ ಊಟದ ಮೆಸ್ಸು. ಕೋಣೆಯಿಂದ ಆಫೀಸಿಗೆ, ಆಫೀಸಿನಿಂದ ಮೆಸ್ಸಿಗೆ, ಮೆಸ್ಸಿನಿಂದ ಕೋಣೆಗೆ. ಗಾಣದ ಎತ್ತು ಕೂಡ ಇದಕ್ಕಿಂತ ಹೆಚ್ಚು ಲೋಕ ನೋಡಿರುತ್ತದೆ. ಹೀಗೆ ಮೂರು ತಿಂಗಳು ಸುತ್ತಿದ ಮೇಲೆ, ಈ ಊರು ತನಗೆ ಪೂರ್ತಿ ಗೊತ್ತು ಎಂದು ಅವರಿಗೆ ಖಚಿತವಾಯಿತು.

ಈ ಧೈರ್ಯಕ್ಕೆ ಕಾರಣವಿತ್ತು. ಅವರ ಸ್ಟೂಲಿನ ಮುಂದೆ ಗೋಡೆಯುದ್ದಕ್ಕೂ ಒಂದು ಮರದ ಚೌಕಟ್ಟು; ಅದರಲ್ಲಿ ಸಾಲಿಗೆ ಹನ್ನೆರಡರಂತೆ ಎಂಟು ಸಾಲು, ಒಟ್ಟು ತೊಂಬತ್ತಾರು ಖಾನೆ. ಒಂದೊಂದು ಖಾನೆಯೂ ಊರಿನ ಒಂದೊಂದು ಬೀದಿ. ಬೆಳಿಗ್ಗೆ ಚೀಲ ಬಿಚ್ಚಿ ಸುರಿದರೆ ಸಾಹೇಬರ ಕೈ ತಾನಾಗಿಯೇ ಓಡುತ್ತಿತ್ತು. ಯಾವ ಬೀದಿ, ಎಷ್ಟನೇ ನಂಬರು, ಯಾರಿಗೆ ವಾರಪತ್ರಿಕೆ, ಯಾರಿಗೆ ವಕೀಲರ ನೋಟೀಸು, ಎಲ್ಲವೂ ಬಾಯಿಪಾಠ. ಸ್ಟೇಷನ್ ರಸ್ತೆ ಒಂದನೇ ಖಾನೆ, ಅದರ ಪಕ್ಕ ಗಡಿಯಾರ ಬೀದಿ, ಅದರ ಪಕ್ಕ ಕಮ್ಮಾರರ ಬೀದಿ. ಖಾನೆಯ ಪಕ್ಕ ಖಾನೆ ಇದ್ದಮೇಲೆ ಬೀದಿಯ ಪಕ್ಕ ಬೀದಿ ಇರಲೇಬೇಕಲ್ಲವೇ? ಅನುಮಾನ ಪಡಲು ಸಾಹೇಬರಿಗೆ ಕಾರಣ ಕಾಣಲಿಲ್ಲ. ಹೋಗಿ ನೋಡಲು ಪುರುಸೊತ್ತೂ ಇರಲಿಲ್ಲ.

ವಿದ್ಯೆಯನ್ನು ಬಚ್ಚಿಡಬಾರದು. ವಿಂಗಡಣೆಯ ಕೋಣೆಗೂ ಹೊರಗಿನ ಕೌಂಟರಿಗೂ ನಡುವೆ ಒಂದು ಹಲಗೆಯ ಗೋಡೆಯಿತ್ತು. ಯಾರಾದರೂ ಕೌಂಟರಿನಲ್ಲಿ "ಈ ರಸ್ತೆ ಎಲ್ಲಿ ಬರುತ್ತೆ ಸಾರ್?" ಎಂದರೆ ಸಾಕು, ಗುಮಾಸ್ತ ಬಾಯಿ ತೆರೆಯುವ ಮೊದಲೇ ಹಲಗೆಯ ಹಿಂದಿನಿಂದ ಗುಡುಗು ಬರುತ್ತಿತ್ತು. "ಆಸ್ಪತ್ರೆ ರಸ್ತೆನಾ? ಟ್ಯಾಂಕ್ ಬೀದಿ ಆದ್ಮೇಲೆ, ಮಾರ್ಕೆಟ್‌ಗಿಂತ ಮುಂಚೆ! ಅನುಮಾನವೇ ಬೇಡ!" ಕೇಳಿದವರು ಧನ್ಯರಾಗಿ ಹೊರಟುಹೋಗುತ್ತಿದ್ದರು. ಒಬ್ಬರೂ ತಿರುಗಿ ಬಂದು ದೂರಲಿಲ್ಲ. ಅವರಿಗೆಲ್ಲ ಸರಿಯಾದ ಜಾಗ ಸಿಕ್ಕಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದುಕೊಂಡು ಸಾಹೇಬರು ಮುಂದಿನ ಚೀಲ ಬಿಚ್ಚುತ್ತಿದ್ದರು.

ಇಷ್ಟೆಲ್ಲ ಬಲ್ಲ ಸಾಹೇಬರ ಸಂಸಾರ ಮಾತ್ರ ಇನ್ನೂ ಮಾವನ ಮನೆಯಲ್ಲಿತ್ತು. ಹಿಂದಿನ ಸಲ ವರ್ಗವಾದಾಗ ಅವರು ಹೆಂಡತಿ ಮಗಳನ್ನು ಆ ಊರಿನ ಬಸ್ ನಿಲ್ದಾಣದಲ್ಲಿ ಕೂರಿಸಿ, "ಮನೆ ಇಲ್ಲೇ ಪಕ್ಕದಲ್ಲಿ, ಬೀಗ ತೆಗೆದು ಬಂದೆ" ಎಂದು ಬೆಳಿಗ್ಗೆ ಹತ್ತಕ್ಕೆ ಹೋದವರು ಸಂಜೆ ಐದಕ್ಕೆ ಬಂದಿದ್ದರು. ದಾರಿ ತಪ್ಪಿತ್ತು; ಯಾರನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಮಗಳು ಪುಟ್ಟಿ ಬಸ್ಸುಗಳ ಬೋರ್ಡು ನೋಡಿ ನೋಡಿ ಓದಲು ಕಲಿತುಬಿಟ್ಟಿದ್ದಳು. ಅಂದೇ ಮಾವ ತೀರ್ಮಾನ ಕೊಟ್ಟಿದ್ದರು. "ಇನ್ಮೇಲೆ ಯಾವ ಊರಿಗೆ ವರ್ಗ ಆದ್ರೂ ಮೊದಲು ನಾನು ಬಂದು ನೋಡ್ತೀನಿ. ಆಮೇಲೇ ನನ್ನ ಮಗಳು, ಮೊಮ್ಮಗಳು."

ಮಾವ ಸಾಮಾನ್ಯರಲ್ಲ. ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಹಿಡಿದು ನೆಲ ಅಳೆದು ನಿವೃತ್ತರಾದವರು. ಈಗಲೂ ಜೇಬಿನಲ್ಲಿ ದಿಕ್ಸೂಚಿ. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವರು. ಇಂಥವರಿಗೆ ಇಂಥ ಅಳಿಯನನ್ನು ಗಂಟು ಹಾಕಿದ ದೇವರಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಯಾರು?

"ಮನೆ ಸಿಕ್ತಾ?" ಎಂದು ಹೆಂಡತಿ ಫೋನಿನಲ್ಲಿ ಕೇಳಿದಳು.

"ಸಿಕ್ದೇ ಏನು! ಟ್ಯಾಂಕ್ ಬೀದಿ. ಒಂದು ಪಕ್ಕ ಶಾಲೆ, ಇನ್ನೊಂದು ಪಕ್ಕ ಆಸ್ಪತ್ರೆ, ಅದರಾಚೆ ಮಾರ್ಕೆಟ್. ಪುಟ್ಟಿ ಕಿಟಕಿಯಿಂದ ಕೈ ಚಾಚಿದ್ರೆ ಶಾಲೆ ಗಂಟೆ ಹೊಡೀಬಹುದು."

"ನೀವು ಹೋಗಿ ನೋಡಿದ್ರಾ?"

"ನೋಡೋದೇನೇ? ಇಪ್ಪತ್ತೈದು ಶಾಲೆ ಬೀದಿ, ಇಪ್ಪತ್ತಾರು ಟ್ಯಾಂಕ್ ಬೀದಿ, ಇಪ್ಪತ್ತೇಳು ಆಸ್ಪತ್ರೆ ರಸ್ತೆ. ದಿನಾ ನೋಡ್ತಾನೇ ಇದ್ದೀನಿ."

ನಡೆದದ್ದು ಇಷ್ಟೇ. ಮನೆ ಖಾಲಿಯಿದೆಯೆಂದು ಟ್ಯಾಂಕ್ ಬೀದಿಯ ಓನರಮ್ಮನೊಬ್ಬರು ಅಂಚೆ ಕಚೇರಿಯ ಬೋರ್ಡಿಗೆ ಅಂಟಿಸಲು ಚೀಟಿ ಕಳಿಸಿದ್ದರು. ಸಾಹೇಬರು ಇಪ್ಪತ್ತಾರನೇ ಖಾನೆಯ ಅಕ್ಕಪಕ್ಕ ಕಣ್ಣಾಡಿಸಿ, ತಲೆದೂಗಿ, ಅಂದೇ ಒಪ್ಪಿಗೆಯ ಕಾರ್ಡು ಬರೆದು ಹಾಕಿದ್ದರು. ಮನೆ ಕಟ್ಟಿ ನೋಡು ಎಂದು ಹಿರಿಯರು ಹೇಳಿದ್ದಾರೆ. ನೋಡದೆಯೇ ಮನೆ ಮಾಡುವವರ ಬಗ್ಗೆ ಅವರು ಏನೂ ಹೇಳಿಲ್ಲ.

ಹೆಂಡತಿಯ ದನಿ ಮೆತ್ತಗಾಯಿತು. "ಪುಟ್ಟಿ ದಿನಾ ಕೇಳ್ತಾಳೆ, ಅಪ್ಪ ಯಾವಾಗ ಕರ್ಕೊಂಡು ಹೋಗ್ತಾರೆ ಅಂತ. ಭಾನುವಾರ ನಮ್ಮಪ್ಪ ಬರ್ತಿದ್ದಾರೆ. ಅವರು ಹೂಂ ಅಂದ್ರೆ ಮುಂದಿನ ವಾರವೇ ಬಂದ್ಬಿಡ್ತೀವಿ. ಊಹೂಂ ಅಂದ್ರೆ ಸೋಮವಾರ ಅವಳನ್ನ ಇಲ್ಲಿನ ಶಾಲೆಗೇ ಸೇರಿಸ್ತಾರೆ, ಆಮೇಲೆ ಒಂದು ವರ್ಷ ಅಲ್ಲಾಡೋ ಹಾಗಿಲ್ಲ. ದಮ್ಮಯ್ಯ, ದಾರಿ ತಿಳೀದಿದ್ರೆ ಯಾರನ್ನಾದ್ರೂ ಕೇಳಿ."

"ನಾನಾ? ಈ ಊರೇ ನನ್ನನ್ನ ದಾರಿ ಕೇಳುತ್ತೆ ಕಣೇ!"

ಹಾಗೆಂದು ಫೋನಿಟ್ಟವರು ಕೋಣೆಗೆ ಬಂದರು. ಕೋಣೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ, ಒಂದೇ ಚಾಪೆ. ಎಷ್ಟು ಜಂಬ ಕೊಚ್ಚಿಕೊಂಡರೂ ಸಾಹೇಬರಿಗೆ ಆ ಒಂದೇ ತಟ್ಟೆ ಸಾಕಾಗಿ ಹೋಗಿತ್ತು. ಇನ್ನೊಂದು ವರ್ಷ ಹೀಗೆಯೇ ಎಂದರೆ ಅವರ ಎದೆ ಒಡೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾವ ರೈಲಿಳಿದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಡೈರಿ.

"ಅಳಿಯಂದ್ರೇ, ಸಂಜೆ ಆರಕ್ಕೆ ನನ್ನ ರೈಲು. ಅಷ್ಟರೊಳಗೆ ಮನೆ, ಶಾಲೆ, ಆಸ್ಪತ್ರೆ, ಮಾರ್ಕೆಟ್ ನಾಲ್ಕೂ ನೋಡ್ಬೇಕು. ಬಸ್ ಹಿಡಿಯೋಣ್ವಾ?"

"ಬಸ್ಸಾ! ಎರಡು ಸಾಲು ದಾಟಿದ್ರೆ ಮನೆ ಬಂತು ಮಾವ."

"ಸಾಲು ಅಂದ್ರೆ?"

"ಈ ಊರಲ್ಲಿ ಹಾಗೇ ಹೇಳೋದು."

ಮಾವ ದಿಕ್ಸೂಚಿ ತೆಗೆದು ನೋಡಿ, "ಒಂದು" ಎಂದು ಮೊದಲ ಹೆಜ್ಜೆ ಇಟ್ಟರು.

ಆಶ್ಚರ್ಯವೆಂದರೆ ಮೊದಲ ಸಾಲು ಅಚ್ಚುಕಟ್ಟಾಗಿ ಸಾಗಿತು. ಆ ಚೌಕಟ್ಟನ್ನು ಮಾಡಿಸಿದ ಕಾಲದಲ್ಲಿ ಊರಿಗೆ ಇದ್ದದ್ದೇ ಹನ್ನೆರಡು ಬೀದಿ. ಯಾರೋ ಪುಣ್ಯಾತ್ಮರು ನಡೆಯುವ ಕ್ರಮದಲ್ಲೇ ಹೆಸರು ಬರೆಸಿದ್ದರು. ಸ್ಟೇಷನ್ ರಸ್ತೆ ಮುಗಿದಾಗ ಗಡಿಯಾರ ಬೀದಿ ಬಂತು, ಗಡಿಯಾರ ಬೀದಿ ಮುಗಿದಾಗ ಕಮ್ಮಾರರ ಬೀದಿ ಬಂತು. ಸಾಹೇಬರು ಎದೆ ಮುಂದೆ ಮಾಡಿ ನಡೆದರು.

"ಈ ಹದಿನೇಳನೇ ನಂಬರಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ ಮಾವ. ಎದುರುಗಡೆ ಮೂವತ್ತೊಂದರಲ್ಲಿ ಅಣ್ಣ ತಮ್ಮ ಇಬ್ಬರೂ ಒಬ್ಬರ ಮೇಲೊಬ್ಬರು ಕೇಸು ಹಾಕ್ಕೊಂಡಿದ್ದಾರೆ."

ಮಾವ ಬೋರ್ಡು ನೋಡಿದರು. ಹಲ್ಲಿನ ಡಾಕ್ಟರೇ. ಮೂವತ್ತೊಂದರ ನಡುವೆ ಹೊಸದಾಗಿ ಎದ್ದ ಗೋಡೆಯನ್ನೂ ನೋಡಿದರು. "ಪರವಾಗಿಲ್ಲ" ಎಂದರು. ಸಾಹೇಬರ ಮದುವೆಯ ದಿನವೂ ಮಾವ ಈ ಮಾತು ಹೇಳಿರಲಿಲ್ಲ.

ಹನ್ನೆರಡನೇ ಖಾನೆಯಾದ ಕೋರ್ಟು ರಸ್ತೆಯ ತುದಿ ಬಂತು. ಸಾಹೇಬರು ಒಂದು ಕ್ಷಣ ನಿಂತು, ಮನಸ್ಸಿನಲ್ಲೇ ಚೌಕಟ್ಟನ್ನು ಕಂಡುಕೊಂಡು, "ಈಗ ಕೆಳಗಿನ ಸಾಲಿಗೆ ಇಳೀಬೇಕು" ಎಂದರು.

ಅವರ ದುರದೃಷ್ಟಕ್ಕೆ ಅಲ್ಲೇ ಒಂದು ಇಳಿಜಾರು ಇತ್ತು. ಇಬ್ಬರೂ ಇಳಿದರು. ಇಳಿಜಾರಿನ ಬುಡದಲ್ಲಿ ಹದಿಮೂರನೇ ಖಾನೆಯ ಬದಲು ಒಂದು ಮರದ ಡಿಪೋ, ಅದರ ಗೇಟಿನಲ್ಲಿ ಒಂದು ನಾಯಿ.

"ಇಲ್ಲೊಂದು ಬೀದಿ ಇತ್ತು" ಎಂದರು ಸಾಹೇಬರು, ಯಾರೋ ಅದನ್ನು ಕದ್ದುಕೊಂಡು ಹೋಗಿದ್ದಾರೆ ಎನ್ನುವ ಹಾಗೆ ಸುತ್ತ ನೋಡುತ್ತ. "ಈ ಊರಿನವರಿಗೆ ಹೇಳೋರು ಕೇಳೋರು ಇಲ್ಲ ಮಾವ. ಬೀದಿ ಇದ್ದ ಕಡೆ ಡಿಪೋ ಮಾಡಿಬಿಡ್ತಾರೆ." ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಸಾಹೇಬರು ಪುರಸಭೆಯೇ ಡೊಂಕು ಎಂದರು. "ಇರ್ಲಿ ಬಿಡಿ, ನಮಗೆ ಬೇಕಾಗಿರೋದು ಮೂರನೇ ಸಾಲು. ಅಂದ್ರೆ ಇನ್ನೂ ಕೆಳಗೆ."

ಇನ್ನೂ ಇಳಿದರು. ದಾರಿ ಕಿರಿದಾಯಿತು, ಕಾಲುದಾರಿಯಾಯಿತು, ಕೊನೆಗೆ ಹಳ್ಳದ ದಂಡೆಯಲ್ಲಿ ನಿಂತಿತು. ಬೂಟಿನೊಳಗೆ ಕೆಸರು ನುಗ್ಗಿತು.

"ಅಳಿಯಂದ್ರೇ, ಇದರ ಕೆಳಗೆ ಇನ್ನು ಪಾತಾಳವೇ" ಎಂದರು ಮಾವ. "ಪುಟ್ಟಿ ಶಾಲೆ ಅಲ್ಲಿದ್ಯಾ?"

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು. "ನಿಮಗೆ ಹಳ್ಳ ತೋರಿಸೋಣ ಅಂತಲೇ ಕರ್ಕೊಂಡು ಬಂದೆ. ಗಾಳಿ ಹೇಗಿದೆ ನೋಡಿ!" ಎಂದು ಸಾಹೇಬರು ಮತ್ತೆ ಮೇಲೆ ಹತ್ತಿಸಿದರು.

ಆಮೇಲಿನ ಮೂರು ಗಂಟೆಗಳ ವಿವರ ಮಾವನ ಡೈರಿಯಲ್ಲಿದೆ. ಅದನ್ನು ಪೂರ್ತಿ ಓದುವುದು ಕ್ರೌರ್ಯ. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಒಂದು ಕೈಪಂಪಿನ ಪಕ್ಕದ ಹಳದಿ ಗೋಡೆಯ ಮನೆಯನ್ನು ಮತ್ತೆ ಮತ್ತೆ ದಾಟಿದರು. ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಒಳಗೆ ತಿರುಗಿ, "ಬನ್ರೇ ಬನ್ರೇ, ನಾಲ್ಕನೇ ಸಲ ಬಂದ್ರು!" ಎಂದು ಕೂಗಿದಳು. ಮನೆಯವರೆಲ್ಲ ಮಹಡಿಯ ಕಂಬಿಯ ಹತ್ತಿರ ಬಂದು ನಿಂತರು.

"ಇದು ಬೇರೆ ಬೀದಿ ಮಾವ. ನೋಡೋಕೆ ಹಾಗೇ ಇದೆ ಅಷ್ಟೇ."

"ಗೋಡೆ ಮೇಲಿರೋ ಬೆಕ್ಕೂ ಹಾಗೇ ಇದೆ" ಎಂದರು ಮಾವ. "ಮಹಡಿ ಮೇಲಿಂದ ಕೈ ಬೀಸ್ತಿರೋ ಆ ತಾಯಿನೂ ಹಾಗೇ ಇದ್ದಾರೆ."

"ಒಂದೇ ನಮೂನೆ ಜನ ಈ ಊರಲ್ಲಿ."

ಐದನೇ ಸಲ ಕೈಪಂಪು ಬಂದಾಗ ಮಾವ ಅದರ ಕಟ್ಟೆಯ ಮೇಲೆ ಕೂತೇಬಿಟ್ಟರು. ಡೈರಿ ಮುಚ್ಚಿದರು. "ಹನ್ನೊಂದು ಸಾವಿರದ ಆರುನೂರ ನಲವತ್ತು ಹೆಜ್ಜೆ" ಎಂದರು. "ಸ್ಟೇಷನ್ನಿಂದ ನಾವೀಗ ಇರೋದು ಒಂದು ಸಾವಿರ ಹೆಜ್ಜೆ ದೂರದಲ್ಲಿ. ಕೇಳಿ ಇಲ್ಲಿ. ನೀವು ದಾರಿ ತಪ್ಪೋದು ನನಗೆ ದೊಡ್ಡದಲ್ಲ. ನಾನೂ ತಪ್ಪಿದ್ದೀನಿ, ಕಾಡಲ್ಲಿ, ಎರಡು ದಿನ. ಆದ್ರೆ ಮಗು ಬಿಸಿಲಲ್ಲಿ ಕಾಯ್ತಾ ಕೂತಿದ್ರೂ ಬಾಯಿಬಿಟ್ಟು ಒಬ್ಬರನ್ನ ಕೇಳೋದಿಲ್ಲ ಅಂತೀರಲ್ಲ, ಅಂಥವರ ಕೈಗೆ ನಾನು ಮಗಳನ್ನ ಮತ್ತೆ ಕೊಡೋದಿಲ್ಲ. ಈಗ ಮೂರೂವರೆ. ನೀವು ದಾರಿ ಕೇಳೋತನಕ ನಾನು ಇಲ್ಲಿಂದ ಏಳಲ್ಲ. ಕೇಳದಿದ್ರೆ ಎದ್ದು ಹೋಗಿ ಆರಕ್ಕೆ ರೈಲು ಹತ್ತುತ್ತೀನಿ. ನಾಳೆ ಪುಟ್ಟಿ ನಮ್ಮೂರಿನ ಶಾಲೆಗೆ."

ಸಾಹೇಬರಿಗೆ ಕೋಣೆ ನೆನಪಾಯಿತು. ಒಂದೇ ತಟ್ಟೆ, ಒಂದೇ ಲೋಟ ಕಣ್ಣ ಮುಂದೆ ಬಂದವು. ಅವರು ಬೀದಿಯ ನಡುವೆ ಹೋಗಿ ನಿಂತರು. ಹೆಗಲಿಗೆ ಉಪಕರಣದ ಪೆಟ್ಟಿಗೆ ಹಾಕಿಕೊಂಡ ಹೊಲಿಗೆ ಮೆಷಿನ್ ರಿಪೇರಿಯವನೊಬ್ಬ ಎದುರಿಗೆ ಬರುತ್ತಿದ್ದ. ನಲವತ್ತು ವರ್ಷದ ಮಾನ ಗಂಟಲಲ್ಲಿ ಅಡ್ಡ ನಿಂತಿತ್ತು.

"ಸ್ವಾಮಿ, ಟ್ಯಾಂಕ್ ಬೀದಿ ಎಲ್ಲಿದೆ ಅಂತ ನಿಮಗೆ ಗೊತ್ತಾ?"

"ಯಾಕೆ ಸಾರ್, ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತು. ನಿಮಗೆ ಗೊತ್ತಾ ಅಂತ."

ರಿಪೇರಿಯವನು ತಬ್ಬಿಬ್ಬಾದ. ಕಟ್ಟೆಯ ಮೇಲಿನಿಂದ ಮಾವ ಕೊಡೆಯ ತುದಿಯಿಂದ ನೆಲ ಕುಟ್ಟಿದರು. ಸಾಹೇಬರು ಕಣ್ಣು ಮುಚ್ಚಿಕೊಂಡರು. "ಇಲ್ಲಪ್ಪ" ಎಂದರು. "ಗೊತ್ತಿಲ್ಲ. ನನಗೆ ದಾರಿ ಗೊತ್ತಿಲ್ಲ. ಶಾಲೆ ಬೀದಿ ಆದ್ಮೇಲೆ, ಆಸ್ಪತ್ರೆ ರಸ್ತೆಗಿಂತ ಮುಂಚೆ ಟ್ಯಾಂಕ್ ಬೀದಿ ಇರ್ಬೇಕಿತ್ತು. ಸಿಗ್ತಿಲ್ಲ. ದಯವಿಟ್ಟು ಹೇಳಿ."

ರಿಪೇರಿಯವನ ಪೆಟ್ಟಿಗೆ ದೊಪ್ಪನೆ ಕೆಳಗೆ ಬಿತ್ತು.

"ಇನ್ನೊಂದ್ಸಲ ಹೇಳಿ ಸಾರ್."

"ಶಾ... ಶಾಲೆ ಬೀದಿ ಆದ್ಮೇಲೆ..."

"ಆದ್ಮೇಲೆ, ಮುಂಚೆ! ಅದೇ ಧ್ವನಿ! ಪೋಸ್ಟಾಫೀಸಲ್ಲಿ ಹಲಗೆ ಹಿಂದಿನ ಸಾಹೇಬ್ರು ನೀವೇ ಅಲ್ವಾ?" ಎಂದವನೇ ಆತ ಬೀದಿಗೆಲ್ಲ ಕೇಳುವಂತೆ ಕೂಗಿದ. "ಎಲ್ಲರೂ ಬನ್ರೋ! ಹಲಗೆ ಹಿಂದಿನವರು ಸಿಕ್ಕಿದ್ದಾರೆ!"

ಬಾಗಿಲುಗಳು ತೆರೆದವು. ಮಹಡಿಯ ಹೆಂಗಸು ಒದ್ದೆ ಬಟ್ಟೆ ಹಿಡಿದುಕೊಂಡೇ ಇಳಿದು ಬಂದಳು. ಮೂಲೆಯಂಗಡಿಯಿಂದ ಗಡಿಯಾರ ರಿಪೇರಿಯ ಅಜ್ಜ ಕಣ್ಣಿಗೆ ಹಾಕಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಓಡಿ ಬಂದರು. ಸಾಹೇಬರನ್ನು ಹತ್ತು ಹದಿನೈದು ಜನ ಸುತ್ತುವರಿದರು. ಏಟು ಬೀಳುವುದು ಖಂಡಿತ ಎಂದುಕೊಂಡು ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಎರಡು ತಿಂಗಳ ಹಿಂದೆ" ಎಂದು ರಿಪೇರಿಯವನು ಶುರುಮಾಡಿದ, "ಮಾರ್ಕೆಟ್ ಎಲ್ಲಿ ಅಂತ ಕೇಳಿದೆ. ಅಲ್ಲಿ ಅಂಗಡಿ ಹಾಕೋಣ ಅಂತ ಹೊಸದಾಗಿ ಬಂದಿದ್ದೆ. ಇವರು ಹೇಳಿದ ದಾರೀಲಿ ನಡೆದೆ ನೋಡಿ, ಶಾಲೆ ಬೀದಿಗೆ ಹೋಗಿ ಬಿದ್ದೆ. ಸಿಟ್ಟು ಬಂತು. ಬಯ್ಕೊಂಡು ಒಂದು ಮನೆ ಜಗಲಿ ಮೇಲೆ ಕೂತೆ. ಆ ಬೀದೀಲಿ ಮನೆಗೊಂದು ಹೊಲಿಗೆ ಮೆಷಿನ್ನು, ಒಂದೂ ನಡೀತಿಲ್ಲ! ಅಲ್ಲೇ ಶಾಲೆ ಎದುರು ಅಂಗಡಿ ಹಾಕ್ಬಿಟ್ಟೆ. ಈಗ ಉಸಿರಾಡೋಕೂ ಬಿಡುವಿಲ್ಲ."

"ನಿನ್ನದೇನು ಮಹಾ!" ಎಂದು ಗಡಿಯಾರದಜ್ಜ ಅವನನ್ನು ಪಕ್ಕಕ್ಕೆ ತಳ್ಳಿದರು. "ನಾನು ಈ ಊರಲ್ಲೇ ಹುಟ್ಟಿದವನು. ಆದ್ರೆ ಹೊಸ ಬಡಾವಣೆ ಯಾವನಿಗೆ ಗೊತ್ತು? ಹಳೇ ಗಿರಾಕಿ ತೀರ್ಕೊಂಡ್ರು ಅಂತ ಕೇಳಿ, ಮನೆಯವರಿಗೆ ನಾಲ್ಕು ಮಾತು ಸಮಾಧಾನ ಹೇಳೋಣ ಅಂತ ಹೊರಟೆ. ದಾರಿ ಕೇಳಿದ್ದು ಇವರನ್ನ. ಹೋದೆ. ಅದೇ ನಂಬರು, ಆದ್ರೆ ಬೇರೆ ಬೀದಿ. ಅಳ್ತಾನೇ ಒಳಗೆ ಹೋದೆ, ಕಣ್ಣೀರಲ್ಲಿ ಮುಖ ಎಲ್ಲಿ ಕಾಣ್ಬೇಕು? ಯಜಮಾನ ಕುರ್ಚಿ ಮೇಲೆ ಕೂತು ಪೇಪರ್ ಓದ್ತಿದ್ದಾನೆ! 'ಎಂಥಾ ಒಳ್ಳೆ ಮನುಷ್ಯ, ಹೋಗ್ಬಿಟ್ರಲ್ಲ' ಅಂದೆ. 'ಯಾರು?' ಅಂದ. 'ನೀವೇ' ಅಂದೆ."

"ಆಮೇಲೆ?" ಎಂದು ಕೇಳಿದವರು ಮಾವ. ಅವರು ಯಾವಾಗ ಕಟ್ಟೆಯಿಂದ ಎದ್ದು ಬಂದರೋ ಯಾರಿಗೂ ತಿಳಿಯಲಿಲ್ಲ.

"ಆಮೇಲೇನು, ಕಾಫಿ ಕೊಟ್ಟ. ಚದುರಂಗ ಆಡ್ತೀರಾ ಅಂದ. ಈಗ ದಿನಾ ಸಂಜೆ ಆಡ್ತೀವಿ. ನಮ್ಮನೆಯವಳು ಹೋದ್ಮೇಲೆ ನನ್ನ ಜೊತೆ ಯಾರೂ ಇಷ್ಟು ಮಾತಾಡಿರ್ಲಿಲ್ಲ." ಅಜ್ಜ ಸಾಹೇಬರ ಭುಜದ ಮೇಲೆ ಕೈಯಿಟ್ಟರು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಒಂದಿನ ಮುಖ ಕಾಣ್ತೀನಿ ಅಂತಿದ್ದೆ. ಕಂಡೆ."

ಸಾಹೇಬರು ಕಕ್ಕಾಬಿಕ್ಕಿಯಾಗಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆದರೆ ಮಾವ ಸರ್ವೆಯವರು. ಮೂಲ ಕಲ್ಲು ಸಿಗುವವರೆಗೆ ಬಿಡುವವರಲ್ಲ.

"ಅಳಿಯಂದ್ರೇ, ಶಾಲೆ ಬೀದಿಗೆ ಟ್ಯಾಂಕ್ ಬೀದಿ ಯಾವ ದಿಕ್ಕಲ್ಲಿದೆ?"

"ಬಲಕ್ಕೆ ಮಾವ."

"ಯಾರ ಬಲಕ್ಕೆ?"

"ನಾನು ನಿಂತಾಗ ನನ್ನ ಬಲಕ್ಕೆ."

"ನೀವು ಎಲ್ಲಿ ನಿಂತಾಗ?"

ಸಾಹೇಬರು ನೆಲ ನೋಡಿದರು. "ಸ್ಟೂಲಿನ ಮುಂದೆ" ಎಂದರು.

ಸತ್ಯ ಹೊರಗೆ ಬಂತು: ಚೌಕಟ್ಟು, ತೊಂಬತ್ತಾರು ಖಾನೆ, ಕೆಳಗಿನ ಸಾಲು, ಎಲ್ಲವೂ. ಆಮೇಲೆ ಗಡಿಯಾರದಜ್ಜ ನಗಲು ಶುರುಮಾಡಿದರು. ಅವರ ಭೂತಗನ್ನಡಿ ಕಣ್ಣಿನಿಂದ ಉದುರಿತು. "ಅಯ್ಯೋ ಮಾರಾಯ್ರೇ! ಊರು ಬೆಳೆದ ಹಾಗೆ ಖಾನೆ ಸೇರಿಸ್ತಾ ಹೋಗಿದ್ದಾರೆ. ಶಾಲೆ ಬೀದಿ, ಟ್ಯಾಂಕ್ ಬೀದಿ ಒಂದೇ ವರ್ಷ ಹುಟ್ಟಿದ್ದು, ಅದಕ್ಕೇ ಅಕ್ಕಪಕ್ಕ. ಆದ್ರೆ ಒಂದು ಊರಿನ ತಲೆ ಕಡೆ, ಇನ್ನೊಂದು ಕಾಲು ಕಡೆ!"

"ಹಾಗಾದ್ರೆ ನಾನು ಹಿಡಿದಿರೋ ಮನೆ?"

"ಕಾಲಿನ ಕಿರುಬೆರಳಲ್ಲಿ."

ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಸಾಹೇಬರಿಗೆ. ಮಾವನ ಮುಖ ನೋಡುವ ಧೈರ್ಯ ಅವರಿಗೆ ಬರಲಿಲ್ಲ. ಆದರೆ ಬೀದಿಯವರಿಗೆ ಅವರ ದುಃಖದ ಕಡೆ ಗಮನವೇ ಇರಲಿಲ್ಲ. ಟ್ಯಾಂಕ್ ಬೀದಿಗೆ ಯಾವ ದಾರಿ ಹತ್ತಿರ ಎಂಬ ಚರ್ಚೆ ಆಗಲೇ ಶುರುವಾಗಿತ್ತು. ಒಬ್ಬರು ಸೇತುವೆ ಮೇಲೆ ಎಂದರು, ಇನ್ನೊಬ್ಬರು ಗಿರಣಿ ಹಿಂದೆ ಎಂದರು. ಮಹಡಿಯ ಹೆಂಗಸು, "ಗಿರಣಿ ಹಿಂದೆ ರಸ್ತೆ ಅಗೆದಿದ್ದಾರೆ, ಮೊನ್ನೆ ನಮ್ಮೆಜಮಾನ್ರು ಬಿದ್ರು" ಎಂದಳು. ಬಿದ್ದ ಯಜಮಾನರು, "ಬಿದ್ದಿದ್ದು ಅಲ್ಲಲ್ಲ ಕಣೇ" ಎಂದು ಬಾಗಿಲಿನಿಂದ ಕೂಗಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಸಾಹೇಬರೊಬ್ಬರೇ ಅಲ್ಲ ಎಂದು ಮಾವನಿಗೂ ಮನವರಿಕೆಯಾಯಿತು. ಕೊನೆಗೆ ರಿಪೇರಿಯವನು ಒಂದು ಗೂಡ್ಸ್ ಟೆಂಪೋ ತಂದು ನಿಲ್ಲಿಸಿದ. ಮಾವ ಮುಂದೆ ಕೂತರು. ಸಾಹೇಬರನ್ನೂ ಗಡಿಯಾರದಜ್ಜನನ್ನೂ ಇನ್ನೂ ಎಂಟು ಜನರನ್ನೂ ಹಿಂದೆ ತುಂಬಿಕೊಂಡು ಟೆಂಪೋ ಹೊರಟಿತು.

ಸಾಹೇಬರು ಆ ಊರನ್ನು ನೋಡಿದ್ದು ಅಂದೇ. ಟೆಂಪೋ ಬೀದಿಯಿಂದ ಬೀದಿಗೆ ತಿರುಗಿದಂತೆ ಅಜ್ಜ ಹೆಸರು ಹೇಳುತ್ತಿದ್ದರು, ಸಾಹೇಬರು ಪಿಸುದನಿಯಲ್ಲಿ ನಂಬರು ಹೇಳಿಕೊಳ್ಳುತ್ತಿದ್ದರು. ನಲವತ್ತನಾಲ್ಕನೇ ಖಾನೆಯ ಎರಡೂ ಬದಿಗೆ ದೊಡ್ಡ ದೊಡ್ಡ ಮರಗಳಿದ್ದವು. ಎಪ್ಪತ್ತೊಂದರಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. ಪ್ರತಿ ಗುರುವಾರ ನೀಲಿ ಕವರಿನಲ್ಲಿ ಪತ್ರ ಬರುವ ಅರವತ್ತನೇ ಖಾನೆಯ ಒಂಬತ್ತನೇ ನಂಬರಿನ ಮನೆಯ ಮುಂದೆ ಒಬ್ಬ ಮುದುಕಿ ಕುರ್ಚಿ ಹಾಕಿಕೊಂಡು ದಾರಿ ನೋಡುತ್ತ ಕೂತಿದ್ದಳು. ಈ ಕಿರಿದಾದ ಮರದ ಗೂಡುಗಳೊಳಗೆ ಇಷ್ಟು ಜನ, ಇಷ್ಟು ಬೆಳಕು ಇದೆಯೆಂದು ಅವರು ಎಣಿಸಿಯೇ ಇರಲಿಲ್ಲ. ಊರು ಅವರಿಗೆ ಬಹಳ ಇಷ್ಟವಾಗಿಬಿಟ್ಟಿತು. ಇದನ್ನೆಲ್ಲ ಪುಟ್ಟಿಗೆ ತೋರಿಸುವ ಯೋಗ ಇನ್ನಿಲ್ಲವಲ್ಲ ಎಂದು ಅವರು ಮುಖ ಬೇರೆ ಕಡೆ ತಿರುಗಿಸಿದರು.

ಟ್ಯಾಂಕ್ ಬೀದಿಯ ಮನೆಯ ಮುಂದೆ ಒಂದು ಉದ್ದನೆಯ ಬೆಂಚು, ಅದರ ಪಕ್ಕ ಮಡಕೆಯಲ್ಲಿ ನೀರು. ಓನರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಬಂದರು.

"ಏನಮ್ಮ, ಬೆಂಚು ಯಾರಿಗೆ?" ಎಂದು ಮಾವ ವಿಚಾರಿಸಿದರು.

"ದಾರಿ ತಪ್ಪಿ ಬರೋರಿಗೆ ಸ್ವಾಮಿ. ಎರಡು ತಿಂಗಳಿಂದ ವಾರಕ್ಕೆ ನಾಲ್ಕು ಜನ ಬರ್ತಾರೆ. ಆಸ್ಪತ್ರೆ ಎಲ್ಲಿ, ಮಾರ್ಕೆಟ್ ಎಲ್ಲಿ, ಶಾಲೆ ಎಲ್ಲಿ ಅಂತ. ಇಲ್ಲಿಲ್ಲ ಅಂದ್ರೆ ನಂಬೋದೇ ಇಲ್ಲ. ಪೋಸ್ಟಾಫೀಸಲ್ಲಿ ಹೇಳಿದ್ರು ಅಂತಾರೆ! ಆ ಮಹಾನುಭಾವ ಕೈಗೆ ಸಿಕ್ಕಿದ್ರೆ..." ಎಂದವರು, ಹತ್ತು ಬೆರಳುಗಳು ಒಟ್ಟಿಗೆ ತೋರಿಸಿದ ಕಡೆ ನೋಡಿದರು.

ಸಾಹೇಬರು ಟೆಂಪೋದಿಂದ ಇಳಿದು ಕೈಮುಗಿದರು. "ತಪ್ಪಾಯ್ತಮ್ಮ. ಒಪ್ಪಿಗೆ ಕಾರ್ಡು ಬರೆದಿದ್ದೂ ನಾನೇ."

ಓನರಮ್ಮ ಅವರನ್ನು ಮೇಲಿನಿಂದ ಕೆಳಗೆ ಅಳೆದರು. ಕೆಸರಾದ ಬೂಟು, ಬೆವರಿದ ಮುಖ, ಜೋತುಬಿದ್ದ ಭುಜ. ಒಂದು ಲೋಟ ನೀರು ತುಂಬಿ ಅವರ ಕೈಗೆ ಕೊಟ್ಟರು. "ಮೊದ್ಲು ಕುಡೀರಿ. ನಮ್ಮೆಜಮಾನ್ರು ಹೋದ್ಮೇಲೆ ಈ ಜಗಲಿಗೆ ಒಂದು ನರಪಿಳ್ಳೆನೂ ಬರ್ತಿರ್ಲಿಲ್ಲ. ನಿಮ್ಮ ದೆಸೆಯಿಂದ ಈಗ ಮಾತಾಡಿ ಮಾತಾಡಿ ಗಂಟಲು ಹೋಗಿದೆ. ಮನೆ ನಿಮ್ಮದೇ. ಇನ್ಮೇಲೆ ಬಂದೋರಿಗೆ ನೀವೇ ನೀರು ಕೊಡಿ, ನೀವೇ ಸಮಾಧಾನ ಹೇಳಿ. ಎಲ್ಲಿ, ಹೆಂಡ್ತಿ ಮಗು?"

ಸಾಹೇಬರು ಮಾವನ ಕಡೆ ನೋಡಿದರು. ಎಲ್ಲರೂ ಮಾವನ ಕಡೆ ನೋಡಿದರು.

"ಶಾಲೆ ದೂರ ಆಯ್ತಲ್ಲ" ಎಂದರು ಮಾವ ನಿಧಾನವಾಗಿ.

"ನನ್ನ ಮನೆ ಈ ಹಿಂದಿನ ಬೀದೀಲೇ. ಅಂಗಡಿ ಶಾಲೆ ಎದುರಿಗೆ" ಎಂದ ರಿಪೇರಿಯವನು. "ನನ್ನ ಎರಡು ಮಕ್ಕಳನ್ನ ದಿನಾ ಸೈಕಲ್ ಗಾಡೀಲಿ ಕರ್ಕೊಂಡು ಹೋಗ್ತೀನಿ. ಮೂರನೇದಕ್ಕೆ ಜಾಗ ಇದೆ."

"ಆಸ್ಪತ್ರೆ?"

"ದೂರ ಇದ್ರೇ ಒಳ್ಳೇದು" ಎಂದರು ಗಡಿಯಾರದಜ್ಜ. "ಕಾಯಿಲೆ ಬೀಳೋ ಮುಂಚೆ ಎರಡು ಸಲ ಯೋಚನೆ ಮಾಡ್ತಾರೆ."

ಮಾವ ಡೈರಿ ಬಿಚ್ಚಿದರು, ಏನೋ ಬರೆಯಹೋಗಿ ಬಿಟ್ಟರು. "ಫೋನ್ ಇದ್ಯೇನಮ್ಮ?" ಎಂದು ಕೇಳಿ ಒಳಗೆ ಹೋದರು. ಹತ್ತು ಜನ ಕಿಟಕಿಗೆ ಕಿವಿ ಹಚ್ಚಿದರು. ಸಾಹೇಬರು ಮಾತ್ರ ಬೆಂಚಿನ ಮೇಲೆ ಲೋಟ ಹಿಡಿದುಕೊಂಡು ಕೂತೇ ಇದ್ದರು.

"ಹಲೋ, ನಾನಮ್ಮ" ಎಂದಿತು ಮಾವನ ದನಿ. "ನೋಡ್ದೆ. ಹೂಂ, ದಾರಿ ತಪ್ಪಿದ್ರು. ಮನೆ ಪಕ್ಕ ಶಾಲೆನೂ ಇಲ್ಲ, ಆಸ್ಪತ್ರೆನೂ ಇಲ್ಲ, ಮಾರ್ಕೆಟ್ಟೂ ಇಲ್ಲ. ಇಲ್ಲಮ್ಮ, ಅಳಬೇಡ, ಪೂರ್ತಿ ಕೇಳು. ಕೊನೆಗೆ ಬಾಯಿಬಿಟ್ಟು ದಾರಿ ಕೇಳಿದ್ರು, ನನ್ನ ಕಣ್ಣಾರೆ ನೋಡಿದ್ದೀನಿ. ಅಳಿಯಂದ್ರಿಗೆ ಊರು ಗೊತ್ತಿಲ್ಲ. ಆದ್ರೆ ಊರಿಗೆ ಅಳಿಯಂದ್ರು ಗೊತ್ತು. ನನಗೆ ಅಷ್ಟು ಸಾಕು. ನೀನು ಸಾಮಾನು ಕಟ್ಟು."

ಕಿಟಕಿಯ ಹತ್ತಿರ ಯಾರೋ ಚಪ್ಪಾಳೆ ತಟ್ಟಿದರು. ಸಾಹೇಬರು ಗಡಬಡಿಸಿ ಎದ್ದಾಗ ಕೈಯ ಲೋಟದಿಂದ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಕಣ್ಣಿನದೂ ಅದರಲ್ಲಿ ಸೇರಿತ್ತು. ಆ ತುದಿಯಲ್ಲಿ ಹೆಂಡತಿ ಅಳುತ್ತಿದ್ದಳೋ ನಗುತ್ತಿದ್ದಳೋ, ಮಾತು ಮಾತ್ರ ಇಡೀ ಜಗಲಿಗೆ ಕೇಳಿಸಿತು.

"ಹಾಗಾದ್ರೆ ಅಪ್ಪ, ನಮ್ಮನ್ನ ಕರ್ಕೊಂಡು ಹೋಗೋಕೆ ಸ್ಟೇಷನ್ನಿಗೆ ಇವರೊಬ್ಬರನ್ನೇ ಕಳಿಸ್ಬೇಡಿ ಅಂತ ಆ ಊರಿನವರಿಗೆ ಹೇಳಿ!"

ಮುಂದಿನ ಭಾನುವಾರ ಸ್ಟೇಷನ್ನಿಗೆ ಹನ್ನೊಂದು ಜನ ಹೋದರು. ಸಾಹೇಬರನ್ನು ನಡುವೆ ನಡೆಸಿಕೊಂಡು ಹೋದರು.